ಯಾರಿಂದ ಯಾರಿಗೆ ಬಾಣ

ಯಾರು ಯಾರಿಗೆ ಮೊದಲು ಹೇಳಬೇಕು ಎನ್ನುವುದನ್ನು ಕಲಿಸುವುದೇ ನನ್ನ ಹೊಟ್ಟೆಪಾಡು. ಕೋಲಾರದ ಒಂದು ಕಾಲೇಜಿನಲ್ಲಿ ಯುಎಂಎಲ್, ಅಂದರೆ ಸಾಫ್ಟ್‌ವೇರಿನ ನಕ್ಷೆ ಬರೆಯುವ ಪಾಠ ಮಾಡುತ್ತೇನೆ. ಅದರಲ್ಲಿ ಸೀಕ್ವೆನ್ಸ್ ಡಯಾಗ್ರಮ್ ಎಂದೊಂದು ಚಿತ್ರ ಬರುತ್ತದೆ. ಮಾತಾಡುವವರನ್ನು ಮೇಲೆ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಕೆಳಗೂ ಒಂದು ಗೆರೆ ಇಳಿಬಿಟ್ಟು, ಯಾರಿಂದ ಯಾರಿಗೆ ಸಂದೇಶ ಹೋಯಿತೆಂದು ಬಾಣ ಹಾಕಬೇಕು. ಮೊದಲಾಡಿದ ಮಾತು ಮೇಲೆ, ಆಮೇಲಿನದು ಕೆಳಗೆ. ಇಷ್ಟೇ. ಆದರೆ ಈ ಚಿತ್ರ ಬರೆಯಲು ನಮ್ಮ ಲ್ಯಾಬಿನ ಕಂಪ್ಯೂಟರಿನಲ್ಲಿರುವ ಎಡಿಟರ್ ಬಲು ಮೊಂಡು. ಒಂದು ಬಾಣವನ್ನು ಚೂರು ಮೇಲಕ್ಕೆತ್ತಿದರೆ ಉಳಿದವೆಲ್ಲ ಮುನಿಸಿಕೊಂಡು ಜಾಗ ಬಿಡುತ್ತವೆ. ಉತ್ತರ ಹೋಗಿ ಪ್ರಶ್ನೆಯ ತಲೆಯ ಮೇಲೆ ಕೂರುತ್ತದೆ. ಬಾಣದ ಮೂತಿ ತಿರುಗಿಸಬೇಕೆಂದರೆ ಅಳಿಸಿ ಮತ್ತೆ ಎಳೆಯಬೇಕು. ಸಂಜೆ ಮುಳಬಾಗಿಲಿನ ಬಸ್ಸು ಹತ್ತುವ ಹೊತ್ತಿಗೆ ನನ್ನ ತಲೆ ಚಿಟ್ಟು ಹಿಡಿದಿರುತ್ತದೆ.

ಆ ಬೇಸಿಗೆಯಲ್ಲಿ ಮನೆಯಲ್ಲೂ ಇದೇ ಗೋಳಾಯಿತು. ನನ್ನ ತಂಗಿ ಶಾರದೆಯನ್ನು ನೋಡಲು ಶ್ರೀನಿವಾಸಪುರದಿಂದ ಗಂಡಿನ ಕಡೆಯವರು ಬಂದಿದ್ದರು. ಕೇಸರಿಭಾತು ತಿಂದು, ಹುಡುಗನ ತಂದೆ "ತಿಳಿಸ್ತೀವಿ" ಎಂದು ಚಪ್ಪಲಿ ಮೆಟ್ಟಿದರು. ಆಮೇಲೆ ಸುದ್ದಿಯಿಲ್ಲ. ಶಾರದೆಗೆ ಹುಡುಗ ಹಿಡಿಸಿದ್ದ. ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಫೋನು ಬಡಿದಾಗಲೆಲ್ಲ ಅವಳ ಕೈಕೆಲಸ ನಿಲ್ಲುತ್ತಿತ್ತು. ಹಿಂದೆ ಎರಡು ಸಂಬಂಧ ಹೀಗೆ ಸುಮ್ಮನಿದ್ದು ಸುಮ್ಮನಿದ್ದೇ ತಪ್ಪಿಹೋಗಿದ್ದವು. ನನಗೆ ನಿಜಕ್ಕೂ ಭಯವಾಗಿತ್ತು.

"ನಾನೇ ಫೋನ್ ಮಾಡಿ ಕೇಳ್ಲಾ?" ಎಂದರೆ ಅಮ್ಮ, "ಸುಮ್ನಿರೋ. ಮೇಲೆಬಿದ್ದು ಕೇಳಿದ್ರೆ ಹುಡುಗೀಲೇನೋ ಐಬಿದೆ ಅಂದ್ಕೋತಾರೆ. ಅವರೇ ಹೇಳ್ಕಳಿಸ್ಬೇಕು ಕಣೋ," ಎನ್ನುತ್ತಿದ್ದಳು. ನನ್ನ ಹೆಂಡತಿ ಸುಮಾಳ ತವರು ಶ್ರೀನಿವಾಸಪುರವೇ. "ನಮ್ಮ ಕಡೆ ಹೆಣ್ಣಿನೋರೇ ಹೋಗಿ ಕೇಳೋದು ರೀ. ಕೇಳ್ದೇ ಇದ್ರೆ ಕೊಬ್ಬು ಅಂತಾರೆ. ಮಾವಿನ ಸೀಜನ್ನು ಬೇರೆ, ಹುಡುಗನ ಅಪ್ಪ, ಆ ಯಜಮಾನ್ರು, ಹಣ್ಣಿನ ಮಂಡಿ ಬಿಟ್ಟು ಅಲ್ಲಾಡಲ್ಲ," ಎಂದು ಅವಳ ವಾದ.

ಒಂದು ಭಾನುವಾರ ಸಾಕಾಗಿ ಮನೆಯ ಹಳೇ ಕಂಪ್ಯೂಟರಿನ ಮುಂದೆ ಕೂತು ಅದೇ ಎಡಿಟರಿನಲ್ಲಿ ಇದನ್ನೇ ಚಿತ್ರ ಬರೆದೆ. ಎಡಕ್ಕೆ ನಾನು, ಬಲಕ್ಕೆ ಹುಡುಗನ ತಂದೆ. ಬಾಣ ನನ್ನಿಂದ ಹೊರಟರೆ ಅಮ್ಮನಿಗೆ ಅವಮಾನ. ಅವರಿಂದ ಹೊರಡಲಿ ಎಂದರೆ ಅವರು ಮಂಡಿಯಲ್ಲಿ. ಎಳೆದೆ, ಅಳಿಸಿದೆ, ತಿರುಗಿಸಿ ಎಳೆದೆ. ಕೊನೆಗೆ ಯಾರೂ ಕೇಳದ ಪ್ರಶ್ನೆಗೆ ಒಂದು ಉತ್ತರ ಮಾತ್ರ ಪರದೆಯ ಮೇಲೆ ಉಳಿಯಿತು.

ಕಾಫಿ ತಂದ ಶಾರದೆ ಅದನ್ನು ನೋಡಿ, "ಇದ್ರಲ್ಲಿ ನಾನೆಲ್ಲಿದೀನಣ್ಣ?" ಎಂದಳು.

"ನೀನ್ಯಾಕಮ್ಮ ಇದ್ರಲ್ಲಿ? ಇದು ದೊಡ್ಡೋರ ಮಾತು."

"ಹಂಗಾದ್ರೆ ಸರಿ. ಹೋದ ವಾರ ನಾನೇ ಅವರ ಆಫೀಸಿಗೆ ಫೋನ್ ಮಾಡಿ ಕೇಳ್ದೆ. ಅವರಿಗೂ ಒಪ್ಪಿಗೆ. ಸಂಜೆ ಅವರಪ್ಪನ ಕೈಲಿ ಫೋನ್ ಮಾಡಿಸ್ತಾರಂತೆ. ನಿಂಗೆ ಗೊತ್ತಿಲ್ದೇ ಇರೋ ಹಂಗೆ ಮಾತಾಡು."

ಸಂಜೆ ಫೋನು ಬಂತು. "ಏನ್ ಮೇಷ್ಟ್ರೇ, ನೀವು ಬಂದು ಕೇಳ್ತೀರಾಂತ ನಾವು ಕಾದಿದ್ದೇ ಕಾದಿದ್ದು," ಎಂದರು ಯಜಮಾನರು. ನಾನು ಆದಷ್ಟೂ ಚೆನ್ನಾಗಿ ಆಶ್ಚರ್ಯಪಟ್ಟೆ. ಅಮ್ಮ ದೇವರಿಗೆ ದೀಪ ಹಚ್ಚಿ, "ನೋಡ್ದಾ, ಅವರೇ ಹೇಳ್ಕಳಿಸಿದ್ರು," ಎಂದಳು. ಎದೆ ಹಗುರಾಯಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಹಟಕ್ಕೆ ಬಿದ್ದು ಚಿತ್ರ ತಿದ್ದಿದೆ. ಶಾರದೆಗೊಂದು ಗೆರೆ, ಹುಡುಗನಿಗೊಂದು ಗೆರೆ. ಅವಳಿಂದ ಅವನಿಗೆ, ಅವನಿಂದ ತಂದೆಗೆ, ತಂದೆಯಿಂದ ನನಗೆ. ಎಡಿಟರ್ ಒಂದು ಬಾಣಕ್ಕೂ ತಕರಾರು ತೆಗೆಯಲಿಲ್ಲ. ಎಲ್ಲಿಯೂ ತಪ್ಪಿಲ್ಲ ಎಂದು ಇನ್ನೊಮ್ಮೆ ನೋಡಿದೆ. ಮನೆಗೆ ಹಿರಿಯನಾದ ನನ್ನ ಗೆರೆಯಿಂದ ಒಂದೇ ಒಂದು ಬಾಣವೂ ಹೊರಟಿರಲಿಲ್ಲ.