ವಕೀಲರ ಕಾರಿಗೆ ಹೊಸ ಬ್ಯಾಟರಿ

ಕಾರು ಇಟ್ಟವರ ಮನೆಯಲ್ಲಿ ನಗುವಿಗೆ ಬರವಿಲ್ಲ. ಕಾರು ನಿಂತರೆ ಸಾಕು.

ನಾನು ಧಾರವಾಡದ ಒಬ್ಬ ದೊಡ್ಡ ವಕೀಲರ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಕಾಲ. ಊರಿನ ಉಳಿದ ಕಾರುಗಳಿಗೆ ಹ್ಯಾಂಡಲ್ ತಿರುವಬೇಕಿತ್ತು. ಅವರದು ಕಾಲಿನಿಂದ ಗುಂಡಿ ಒತ್ತಿದರೆ ಚಾಲೂ. ಈ ಸಂಗತಿ ಗೊತ್ತಿಲ್ಲದವರು ಊರಲ್ಲಿರಲಿಲ್ಲ, ವಕೀಲರೇ ಹೇಳುತ್ತಿದ್ದರು. ಮಗಳನ್ನು ನೋಡಲು ಬೆಳಗಾವಿಯಿಂದ ಗಂಡಿನವರು ಬರುವ ವಾರದಲ್ಲೇ ಬ್ಯಾಟರಿ ಸತ್ತಿತು. ಹುಡುಗ ಮಗಳಿಗೆ ಫೋಟೋದಲ್ಲೇ ಹಿಡಿಸಿದ್ದ. ವಕೀಲರಿಗೆ ಈ ಸಂಬಂಧ ತಪ್ಪಬಾರದು. ಸ್ಟೇಷನ್ನಿನಲ್ಲಿ ಬೀಗರ ಮುಂದೆ ಹ್ಯಾಂಡಲ್ ತಿರುವಲೂಬಾರದು.

೧. ಪಾಟೀಸವಾಲು

ಹುಬ್ಬಳ್ಳಿಯ ಅಂಗಡಿಯವ ಎರಡು ಬ್ಯಾಟರಿ ತೋರಿಸಿದ. ಕಾರಿನಲ್ಲಿ ಎಷ್ಟು ಜಾಗವಿದೆ ಎಂದು ಯೋಚಿಸದೆ ವಕೀಲರು ದೊಡ್ಡದನ್ನು ಆರಿಸಿ, ವಿಚಾರಣೆ ಆರಂಭಿಸಿದರು.

"ಇದು ಎಷ್ಟು ವರ್ಷ ಬಾಳತದ?"

"ನೀವು ಹೆಂಗ ನೋಡ್ಕೋತೀರಿ, ಹಂಗ್ರಿ."

"ಸುತ್ತಿ ಬಳಸಿ ಮಾತಾಡಬ್ಯಾಡ್ರಿ. ಹೌದು ಅನ್ರಿ, ಇಲ್ಲಾ ಅಲ್ಲ ಅನ್ರಿ."

ಅಂಗಡಿಯವ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

"ಹೌದ್ರಿ," ಎಂದ.

"ನೋಡಿದ್ರ್ಯಾ, ಹಿಂಗ ಬಾಯಿ ಬಿಡಿಸಬೇಕು," ಎಂದು ವಕೀಲರು ನನಗೆ ಪಾಠ ಹೇಳಿದರು. ಎಷ್ಟು ವರ್ಷ ಎಂಬುದು ಇಂದಿಗೂ ತಿಳಿದಿಲ್ಲ.

೨. ಹುಳಿ ವಾಸನೆ

ಕಾರು ಕೆಟ್ಟು ನಿಂತದ್ದರಿಂದ ಬ್ಯಾಟರಿ ರೈಲಿನಲ್ಲಿ ಬಂತು. ಕೆಳಗಿಟ್ಟರೆ ಯಾರಾದರೂ ಒದ್ದಾರೆಂದು ವಕೀಲರು ಅದನ್ನು ತೊಡೆಯ ಮೇಲೇರಿಸಿಕೊಂಡರು. ಉಟ್ಟದ್ದು ಅವರ ಒಳ್ಳೆಯ ಧೋತರ. ಗಾಡಿ ಜಗ್ಗಿದಾಗೆಲ್ಲ ಒಳಗೆ ಗುಳುಗುಳು ಸದ್ದು. ಎದುರಿಗಿದ್ದ ಉಪ್ಪಿನಬೆಟಗೇರಿಯ ಗೌಡರೊಬ್ಬರು ರೊಟ್ಟಿಯ ಗಂಟು ಬಿಚ್ಚಿ ಮೂಗರಳಿಸಿದರು.

"ಹುಳಿ ವಾಸನಿ ಬರಾಕತ್ತೈತಿ. ಉಪ್ಪಿನಕಾಯೇನ್ರಿ? ಒಂದು ಹೋಳು ಕೊಡ್ರಲ್ಲ."

"ಆಸಿಡ್ ಅದರಿ. ಬಾಯಿಗೆ ಹತ್ತಿದ್ರ ಸುಡತದ."

"ಅಷ್ಟು ಖಾರ ಹಾಕಬಾರದ್ರಿ," ಎಂದು ಗೌಡರು ಒಣ ರೊಟ್ಟಿ ಮುರಿದರು.

ತೊಡೆ ತಂಪಾಯಿತೆಂದು ವಕೀಲರು ಅಂದರು. ನಾನು ರಸಾಯನಶಾಸ್ತ್ರದ ಪದವೀಧರ. ಧೋತರ ಹೋಯಿತು ಎಂದೆ.

"ಒಂದು ಕಲೆ ಸೈತ ಇಲ್ಲ. ನೀರು ಬಿದ್ದಿರಬೇಕು ಬಿಡ್ರಿ," ಎಂದರು. ಧೋತರ ಅಗಸನಿಗೆ ಹೋಗಿ ಇಸ್ತ್ರಿಯಾಗಿ ಬಂತು.

೩. ಮಡಿ

ದೊಡ್ಡ ಬ್ಯಾಟರಿ ಕಾರಿನ ಗೂಡಿನಲ್ಲಿ ಕೂರಲಿಲ್ಲ. ಡ್ರೈವರ್ ಗೂಡನ್ನೇ ಕೊಯ್ದು ಕೂರಿಸಿದ. ವಕೀಲರ ತಾಯಿ ಮಡಿಯುಟ್ಟು ದೂರದಿಂದಲೇ ನೋಡುತ್ತಿದ್ದರು. ಹುಬ್ಬಳ್ಳಿಯಿಂದ ಬಂದ ಯಾವ ವಸ್ತುವಿನ ಮೇಲೂ ಅವರಿಗೆ ನಂಬಿಕೆಯಿರಲಿಲ್ಲ.

ಡ್ರೈವರ್ ಹೇಳಿದ: "ಅವ್ವಾರ, ಇದಕ್ಕ ನಳದ ನೀರು ನಡೆಯಂಗಿಲ್ಲರಿ. ಬಾವಿ ನೀರೂ ಇಲ್ಲ. ಕಾಸಿ, ಉಗಿ ಹಿಡಿದು ಇಳಿಸಿದ್ದ ಆಗಬೇಕ್ರಿ."

"ಮಂದಿ ಮುಟ್ಟಿದ್ದು?"

"ಕೈ ಅದ್ದಿದ್ರ ಕೆಡತೈತ್ರಿ."

ಅಜ್ಜಿ ಮಗನತ್ತ ತಿರುಗಿದರು. "ಸ್ಟೇಷನ್ ಚಹಾ ಕುಡಿದು ಬರತೀಯಲ್ಲ, ಇದನ್ನ ನೋಡಿ ಕಲಿ!"

ಅಂದಿನಿಂದ ಆ ಮನೆಯಲ್ಲಿ ಅಜ್ಜಿ ಮೆಚ್ಚುವ ಮಡಿವಂತರು ಇಬ್ಬರಾದರು. ಒಬ್ಬರು ಸ್ವತಃ ಅಜ್ಜಿ.

೪. ಮಾಲಕರು

ಬೀಗರು ಬಂದರು. ಸ್ಟೇಷನ್ನಿನಲ್ಲಿ ಗುಂಡಿ ಒತ್ತಿದೊಡನೆ ಕಾರು ಗುರ್ರೆಂದಿತು. ಇನ್ನೊಮ್ಮೆ ತೋರಿಸಲೆಂದು ವಕೀಲರು ಅದನ್ನು ಬಂದ್ ಮಾಡಿಸಿ ಮತ್ತೆ ಒತ್ತಿಸಿದರು. ಹಾದಿಯುದ್ದಕ್ಕೂ ಹುಡುಗನ ತಂದೆಯ ಹುಬ್ಬು ಗಂಟಿಕ್ಕಿಯೇ ಇತ್ತು.

ಮನೆಯಲ್ಲಿ ಎಲ್ಲರೂ ಜಮಖಾನೆಯ ಮೇಲೆ ಕುಳಿತರು. ಅದೇ ಒಳ್ಳೆಯ ಧೋತರ ಉಟ್ಟಿದ್ದ ವಕೀಲರು ಚಕ್ಕಳಮಕ್ಕಳ ಹಾಕಿದಾಗ ಪರ್ ಎಂಬ ಸದ್ದಾಯಿತು. ಅವರ ಗಮನ ಮಾತಿನ ಮೇಲಿತ್ತು. ಮಗಳು ತಟ್ಟೆ ಹಿಡಿದು ಬಂದಳು. ತಲೆ ತಗ್ಗಿಸಿಯೇ ಬರಬೇಕೆಂದು ಅಜ್ಜಿಯ ಅಪ್ಪಣೆ. ತಗ್ಗಿಸಿದ ಕಣ್ಣಿಗೆ ನೇರವಾಗಿ ಕಂಡದ್ದು ಅಪ್ಪನ ಎರಡು ಮೊಳಕಾಲು, ಜರಡಿಯಂತಾದ ಧೋತರದಿಂದ ಹೊರಗೆ. ಅವಲಕ್ಕಿಯ ತಟ್ಟೆ ನಡುಗಿತು, ನಗು ತಡೆಯಲಾಗದೆ ಅದನ್ನಿಟ್ಟು ಬಾಗಿಲಿಗೆ ಓಡಿದಳು. ಸಂಕೋಚದಿಂದ ತಲೆ ತಗ್ಗಿಸಿದ್ದ ಹುಡುಗನಿಗೂ ಅದೇ ನೋಟ, ಅದೇ ನಗು.

ಅವನ ತಂದೆ ಮಾತ್ರ ನಗಲಿಲ್ಲ. ಗಂಟಲು ಸರಿಮಾಡಿಕೊಂಡರು.

"ವಕೀಲರ, ಕಾರು ನೋಡಿ ನನಗ ಮನಸ್ಸು ಕೆಟ್ಟಿತ್ತು. ಡೌಲಿನವರ ಮನಿ ಹೆಣ್ಣು ನಮಗ ಬ್ಯಾಡ ಅಂತ ನಿರ್ಧಾರ ಮಾಡಿದ್ದೆ. ಈ ಧೋತರ ನೋಡಿದ ಮ್ಯಾಲೆ ತಿಳೀತು. ನಮ್ಮ ಸಲುವಾಗಿ ಎರವಲು ಕಾರು ತಂದೀರಿ. ಹೌದೋ, ಅಲ್ಲೋ?"

ವಕೀಲರು ಬಗ್ಗಿ ತಮ್ಮ ಧೋತರ ನೋಡಿಕೊಂಡರು. ಬಾಗಿಲಲ್ಲಿ ಮಗಳು ನಗು ನಿಲ್ಲಿಸಿ ಅಪ್ಪನ ಮುಖ ನೋಡುತ್ತಿದ್ದಳು. ಸುತ್ತಿ ಬಳಸುವ ದಾರಿ ಇರಲಿಲ್ಲ.

"ಹೌದ್ರಿ," ಎಂದರು ವಕೀಲರು, ಹುಬ್ಬಳ್ಳಿಯ ಅಂಗಡಿಯವನ ದನಿಯಲ್ಲೇ.

"ನಿಮ್ಮಂಥ ಸಾದಾ ಮಂದೀನ ನಮಗ ಬೇಕಾಗಿತ್ತು. ಹುಡುಗಿ ಒಪ್ಪಿಗಿ ಅದ. ಮತ್ತ ಕಾರು ಯಾರದು?"

ವಕೀಲರು ಸುತ್ತಲೂ ನೋಡಿ, ನನ್ನತ್ತ ಬೆರಳು ಮಾಡಿದರು.

ಡೌಲು ಸೇರದ ಆ ಹಿರಿಯರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಜಮಖಾನೆಯ ಮೇಲೆ ಸರಿದು ನನ್ನ ಮಗ್ಗುಲಿಗೇ ಬಂದು ಕುಳಿತರು.

"ನಿಮ್ಮದು ಲಗ್ನ ಆಗೇದೇನ್ರಿ? ನಮಗ ಇನ್ನೊಬ್ಬಾಕಿ ಮಗಳಿದ್ದಾಳ."