ಆಕಾಶದ ಸೈಟು ಮತ್ತು ನನ್ನ ಮಿಕ್ಸಿ

ನಮ್ಮ ಮಾವನವರಿಗೆ ಆಕಾಶದಲ್ಲಿ ಸೈಟಿದೆ ಎಂದರೆ ನೀವು ನಂಬುವುದಿಲ್ಲ. ಒಂದಲ್ಲ, ಏಳು! ಊರಿನ ಮಾವಂದಿರೆಲ್ಲ ಕೆಂಗೇರಿ ಕಡೆಗೋ ಜ್ಞಾನಭಾರತಿ ಹಿಂದಕ್ಕೋ ಮೂವತ್ತು-ನಲವತ್ತರ ಸೈಟು ಹುಡುಕಿಕೊಂಡು ಅಲೆಯುತ್ತಿದ್ದ ಕಾಲ ಅದು. ಮೆಟ್ರೋ ಇನ್ನೂ ಬಂದಿರಲಿಲ್ಲ. ನಮ್ಮ ಮಾವ ಮಾತ್ರ ಬಸವೇಶ್ವರನಗರದ ಮನೆಯ ಮುಂದಿನ ರೂಮಿನಲ್ಲಿ ಕೂತು ಆಕಾಶವನ್ನು ಅಳೆದು, ಗೆರೆ ಹೊಡೆದು, ಸ್ನೇಹಿತರಿಗೆ ಹಂಚುತ್ತಿದ್ದರು. ನೋಂದಣಿ ಇಲ್ಲ, ಕಂದಾಯ ಇಲ್ಲ, ಮನೆ ಕಟ್ಟುವ ಹಾಗಂತೂ ಇಲ್ಲವೇ ಇಲ್ಲ!

ವಿಷಯ ಇಷ್ಟು. ಮಾವ ಹ್ಯಾಮ್ ರೇಡಿಯೋದವರು. ಸರ್ಕಾರದ ಲೈಸೆನ್ಸ್ ಪಡೆದು, ಮನೆಯಲ್ಲೇ ಸೆಟ್ಟು ಇಟ್ಟುಕೊಂಡು, ತಮ್ಮಂಥ ಇತರರೊಂದಿಗೆ ಮಾತಾಡುವ ಹವ್ಯಾಸ. ಮಾತಾಡುವುದಾದರೂ ಆಡಲಿ ಎಂದರೆ, ನಿವೃತ್ತರಾದ ಮೇಲೆ ಅದೂ ಹೋಯಿತು. ಹಳೆಯ ಕಂಪ್ಯೂಟರೊಂದನ್ನು ರೇಡಿಯೋಗೆ ಜೋಡಿಸಿ ಟೈಪ್ ಮಾಡಲು ಶುರುಮಾಡಿದರು. ಇಲ್ಲಿ ಕುಟ್ಟಿದ ಅಕ್ಷರ ಸಿಳ್ಳೆಯಂಥ ಸದ್ದಾಗಿ ಗಾಳಿಯಲ್ಲಿ ಹೋಗಿ, ಅಲ್ಲಿಯವರ ಪರದೆಯ ಮೇಲೆ ಮತ್ತೆ ಅಕ್ಷರವಾಗುತ್ತದಂತೆ. ಪರದೆಯಲ್ಲಿ ಒಬ್ಬೊಬ್ಬರದೂ ಶಾವಿಗೆ ಎಳೆಯಷ್ಟು ತೆಳ್ಳಗಿನ ಒಂದು ಹಳದಿ ಗೆರೆ. ಮೂರೂವರೆ ಮೆಗಾಹರ್ಟ್ಸ್ ಆಸುಪಾಸಿನ ಅಂಗೈಯಗಲದ ಜಾಗದಲ್ಲಿ ಏಳು ಜನ ಒಬ್ಬರ ಮೇಲೊಬ್ಬರು ಬೀಳದಂತೆ ಇರಬೇಕಾದರೆ ಯಾರಾದರೂ ಜಾಗ ಹಂಚಬೇಕಲ್ಲ? ಆ ಕೆಲಸವನ್ನು ನಮ್ಮ ಮಾವ ಮೈಮೇಲೆ ಎಳೆದುಕೊಂಡರು. ಯಾರೂ ಕೇಳಿರಲಿಲ್ಲ!

ಈ ಹ್ಯಾಮ್‌ಗಳಲ್ಲಿ ಒಂದು ಪದ್ಧತಿಯಿದೆ. ಸೆಟ್ಟು ಹಾಕಿದ ಕೂಡಲೇ ಶುರುಹಚ್ಚಿಕೊಳ್ಳುವಂತಿಲ್ಲ. ಮೊದಲು ಕಿವಿಗೊಡಬೇಕು. ಆಮೇಲೆ "ಈ ಜಾಗದಲ್ಲಿ ಯಾರಾದರೂ ಇದ್ದೀರಾ?" ಎಂದು ಮೂರು ಸಲ ಕೇಳಬೇಕು. ಉತ್ತರ ಬರದಿದ್ದರೆ ಮಾತ್ರ ಮುಂದಿನ ಮಾತು. ಒಳ್ಳೆಯ ಪದ್ಧತಿಯೇ, ಇಲ್ಲವೆನ್ನುವುದಿಲ್ಲ. ಆದರೆ ಅದನ್ನು ಭೂಮಿಯ ಮೇಲೂ ಪಾಲಿಸಿದರೆ? ಬಚ್ಚಲ ಬಾಗಿಲು ಹಾರು ಹೊಡೆದಿದ್ದರೂ ಹೊರಗೆ ನಿಂತು ಮೂರು ಸಲ ಕೇಳುತ್ತಾರೆ. ಒಮ್ಮೆ ವಿಜಯನಗರದ ಹೋಟೆಲೊಂದರಲ್ಲಿ, ಕಾಲಿಡಲು ಜಾಗವಿಲ್ಲದ ಭಾನುವಾರ, ಅದೃಷ್ಟಕ್ಕೆ ಒಂದು ಟೇಬಲ್ಲು ಖಾಲಿಯಾಯಿತು. ಮಾವ ಕುರ್ಚಿಯ ಹಿಂದೆ ನಿಂತು "ಇಲ್ಲಿ ಯಾರಾದ್ರೂ ಇದೀರಾ?" ಎಂದರು. ಎರಡನೆಯ ಸಲವೂ ಅಂದರು. ಮೂರನೆಯ ಸಲ ಬಾಯಿ ತೆರೆಯುವಷ್ಟರಲ್ಲಿ ಕಾಲೇಜು ಹುಡುಗರ ಗುಂಪೊಂದು ಬಂದು ಧೊಪ್ಪನೆ ಕೂತಿತು. "ಇದೀವಿ ಅಂಕಲ್, ಹೇಳಿ!" ಎಂದ ಒಬ್ಬ. ನಮ್ಮ ಮಾವ ಜಗಳವಾಡಿದರೇ? "ಹಾಗಾದ್ರೆ ಸರಿಯಪ್ಪ" ಎಂದು ಹೊರಗೆ ನಡೆದರು. ಅವತ್ತು ಮಸಾಲೆದೋಸೆ ತಪ್ಪಿದ್ದು ಅವರೊಬ್ಬರಿಗಲ್ಲ, ನನಗೂ!

ಮದುವೆಯಾಗಿ ಬಂದ ಹೊಸದರಲ್ಲಿ, ನಮ್ಮ ತಾರಸಿಯಿಂದ ಪಕ್ಕದ ಮನೆಯ ತೆಂಗಿನಮರದವರೆಗೆ ಬಿಗಿದಿದ್ದ ತಂತಿ ಕಂಡು, ಪರವಾಗಿಲ್ಲ, ಬಟ್ಟೆ ಒಣಹಾಕಲು ಧಾರಾಳವಾಗಿರುವ ಮನೆ ಎಂದು ಖುಷಿಪಟ್ಟಿದ್ದೆ. ಗಾಳಿಯಾಡಲಿ ಎಂದು ಧಾರೆ ಸೀರೆಯನ್ನು ಅದರ ಮೇಲೆ ಹರವಿದೆ. ಐದೇ ನಿಮಿಷ. ಮಾವ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

"ಅಮ್ಮಾ, ಅದು ಬಟ್ಟೆ ತಂತಿ ಅಲ್ಲಮ್ಮಾ, ಆಂಟೆನಾ! ಜರಿ ಸೀರೆ ಬೇರೆ ಹಾಕಿದೀಯ, ಟ್ಯೂನಿಂಗ್ ಎಲ್ಲಾ ಹೋಯ್ತು!"

ನನ್ನ ಧಾರೆ ಸೀರೆಯ ಬಗ್ಗೆ ಆ ಮನೆಯಲ್ಲಿ ಬಂದ ಮೊದಲ ಅಭಿಪ್ರಾಯ ಇದು.

ತಿಂಗಳಿಗೊಂದು ಭಾನುವಾರ ಹಂಚಿಕೆಯ ಪಂಚಾಯ್ತಿ ನಮ್ಮಲ್ಲೇ ಸೇರುತ್ತಿತ್ತು. ಐದು ಜನ ಬರುತ್ತಿದ್ದರು. ನಾನು ಮಾಡಿದ ಉಪ್ಪಿಟ್ಟು, ಕೇಸರಿಬಾತನ್ನು ಏನು ತಿನ್ನುತ್ತಿದ್ದೇವೆಂಬ ಪರಿವೆಯಿಲ್ಲದೆ ಮುಗಿಸುತ್ತ, ಐವತ್ತು ಹರ್ಟ್ಸ್ ಜಾಗಕ್ಕಾಗಿ ದಾಯಾದಿಗಳ ಹಾಗೆ ಕಿತ್ತಾಡುತ್ತಿದ್ದರು.

"ನಿನ್ ಸಿಗ್ನಲ್ಲು ಅಗಲ ಆಗ್ತಿದೆ ಕಣಯ್ಯಾ, ನನ್ ಜಾಗಕ್ಕೆ ಕಾಲು ಚಾಚಿದೀಯ!"

"ನೀನೇ ದಿನಾ ಅಷ್ಟಷ್ಟೇ ಎಡಕ್ಕೆ ಜರುಗ್ತಾ ಬಂದು ನನ್ನ ಅಂತೀಯಾ?"

"ಸೌಂಡ್ ಕಮ್ಮಿ ಮಾಡ್ಕೊಳಯ್ಯಾ, ತಾನಾಗೇ ತೆಳ್ಳಗಾಗ್ತೀಯ!"

ಸೋಫಾದ ಮುಕ್ಕಾಲು ಭಾಗ ಆಕ್ರಮಿಸಿ ಕೂತಿದ್ದ ಮನುಷ್ಯನಿಗೆ ಹೇಳುವ ಮಾತೇ ಇದು! ಮಾವ ಗ್ರಾಫ್ ಹಾಳೆಯ ನಕ್ಷೆಯನ್ನು ಗೋಡೆಗೆ ಅಂಟಿಸಿ, ಸ್ಕೇಲು ಹಿಡಿದು ತೀರ್ಪು ಕೊಡುತ್ತಿದ್ದರು. ಆರು ಸೈಟುಗಳು ಒಂದೇ ಅಳತೆಯವು. ಏಳನೆಯದರ ಮೇಲೆ "ಕೆಂಗೇರಿ" ಎಂದು ಬರೆದಿತ್ತು. ಅದೊಂದು ಮಾತ್ರ ಅಗಲ ದುಪ್ಪಟ್ಟು, ಸಾಲದ್ದಕ್ಕೆ ಎರಡೂ ಪಕ್ಕ ಖಾಲಿ ಜಾಗ. ಹೊಸದಾಗಿ ಸೇರಿದ್ದ ಹೊಸಹಳ್ಳಿಯವರು ಒಮ್ಮೆ ಕೇಳಿಯೇಬಿಟ್ಟರು.

"ಸಾರ್, ಕೆಂಗೇರಿಯೋರ್ಗೆ ಮಾತ್ರ ಡಬಲ್ ಸೈಟು ಯಾಕೆ? ಒಂದ್ ದಿನಾನೂ ಮೀಟಿಂಗಿಗೆ ಬಂದಿಲ್ಲ ಅವರು."

"ಅದರ ಮಾತು ಬೇಡ" ಎಂದರು ಮಾವ. ಉಳಿದ ನಾಲ್ವರೂ ತಟ್ಟನೆ ಉಪ್ಪಿಟ್ಟಿನ ತಟ್ಟೆ ನೋಡತೊಡಗಿದರು. ಆಕಾಶದಲ್ಲೂ ವಶೀಲಿ ನಡೆಯುತ್ತದೆ ಎಂದು ನನಗೆ ಅವತ್ತು ಖಾತ್ರಿಯಾಯಿತು.

ಇದೆಲ್ಲ ಅವರವರ ಹಣೆಬರಹ ಎಂದು ನಾನು ಸುಮ್ಮನಿರಬಹುದಿತ್ತು. ಆದರೆ ಈ ಕೆಂಗೇರಿಯವರ ಗ್ರಹಚಾರ ನನ್ನ ಅಡುಗೆಮನೆಗೇ ವಕ್ಕರಿಸಿತು! ಫ್ರಿಜ್ಜಿನ ಮೇಲೊಂದು ಚೀಟಿ: "ಬೆಳಿಗ್ಗೆ ೬.೧೦ರಿಂದ ೬.೫೦ರವರೆಗೆ ಮಿಕ್ಸಿ ಹಾಕಬಾರದು." ಮಿಕ್ಸಿ ತಿರುಗಿದರೆ ಪರದೆಯ ತುಂಬ ಅರಿಸಿನ ಚೆಲ್ಲಿದಂತಾಗಿ ಕೆಂಗೇರಿಯ ಗೆರೆ ಮುಳುಗಿಹೋಗುತ್ತದಂತೆ. ಹೋಗಲಿ! ನಾನು ದೀಪಾಂಜಲಿ ನಗರದ ಶಾಲೆಯೊಂದರಲ್ಲಿ ಟೀಚರು. ಏಳೂಕಾಲಿಗೆ ಬಸ್ಸು ಹಿಡಿಯಬೇಕು. ಚಟ್ನಿ ರುಬ್ಬುವ ಹೊತ್ತೇ ಅದು! ಗಂಡನಿಗೆ ದೂರು ಹೇಳೋಣವೆಂದರೆ, ಇಂಥ ಸಂದರ್ಭಗಳಲ್ಲಿ ಅವರು ಪೇಪರಿನ ಹಿಂದೆ ಮಾಯವಾಗುತ್ತಾರೆ.

"ಮಾವ, ಕೆಂಗೇರಿ ಏನು ಅಮೆರಿಕಾನಾ? ಒಂದು ಫೋನ್ ಮಾಡಿ ಮಾತಾಡ್ಬಾರ್ದಾ?" ಎಂದು ನಾನೇ ಕೇಳಿದೆ.

"ಫೋನ್‌ನಲ್ಲಿ ಆಗಲ್ಲಮ್ಮ" ಎಂದರು.

"ಬಿಡೇ, ಹಿತ್ತಿಲಲ್ಲಿ ಒರಳಿದೆಯಲ್ಲ" ಎಂದರು ಅತ್ತೆ. ಒರಳಂತೆ ಒರಳು! ಮಿಕ್ಸಿ ನನ್ನ ತವರಿನವರು ಕೊಟ್ಟದ್ದು, ಮೂರು ಜಾರಿನದು. ಅದನ್ನು ಶೋಕೇಸಿನಲ್ಲಿಟ್ಟು ಪೂಜೆ ಮಾಡಲೇ?

ಆಮೇಲೆ ನನಗೆ ಟೈಫಾಯಿಡ್ ಬಂತು. ಎರಡು ವಾರ ಹಾಸಿಗೆ. ಅತ್ತೆ ಗಂಜಿ ಕುಡಿಸಿದರು, ಗಂಡ ಪೇಪರು ಬಿಟ್ಟು ಔಷಧಿ ತಂದರು, ಪಕ್ಕದ ಮನೆಯ ಆಂಟಿ ಎಳನೀರು ಕಳಿಸಿದರು. ಮಾವ? ನನ್ನನ್ನು ಒಂದು ಮಾತು, ಒಂದೇ ಒಂದು ಮಾತು "ಹೇಗಿದೀಯಮ್ಮಾ" ಎಂದು ಕೇಳಲಿಲ್ಲ! ದಿನಾ ಬೆಳಿಗ್ಗೆ ರೂಮಿನ ಬಾಗಿಲವರೆಗೆ ಬಂದು, ಅತ್ತೆಯನ್ನು ಮೆಲ್ಲಗೆ "ಇವತ್ತೂ ಮಿಕ್ಸಿ ಇಲ್ವಾ?" ಎಂದು ಕೇಳಿ ಹೋಗಿಬಿಡುವರು. ನಾನು ನೂರಾಮೂರು ಜ್ವರದಲ್ಲಿ ಬೇಯುತ್ತಿದ್ದರೆ ಇವರಿಗೆ ಮಿಕ್ಸಿ ಇಲ್ಲದ ಹಬ್ಬ! ಹೊದಿಕೆಯೊಳಗೇ ಹಲ್ಲು ಕಡಿದೆ. ಏಳಲಿ ನಾನು, ಎದ್ದ ದಿನವೇ ತೋರಿಸುತ್ತೇನೆ ಎಂದುಕೊಂಡೆ.

ಎದ್ದ ದಿನವೇ ತೋರಿಸಿದೆ. ಗಡಿಯಾರ ನೋಡಿಕೊಂಡು, ಸರಿಯಾಗಿ ಆರೂವರೆಗೆ, ಕಾಯಿ, ಹುರಿಗಡಲೆ, ಮೆಣಸಿನಕಾಯಿ ಹಾಕಿ ಮಿಕ್ಸಿ ತಿರುಗಿಸಿದೆ. ಅದೂ ಮೂರನೆಯ ಸ್ಪೀಡಿನಲ್ಲಿ! ಕೂಗಾಟಕ್ಕೆ ಕಾದೆ. ಉತ್ತರವನ್ನೂ ಎರಡು ವಾರದಿಂದ ಸಿದ್ಧ ಮಾಡಿಕೊಂಡಿದ್ದೆ. ಕೂಗು ಬರಲಿಲ್ಲ. ಮಿಕ್ಸಿ ನಿಲ್ಲಿಸಿದೆ. ಆಗಲೂ ಇಲ್ಲ. ಸಿದ್ಧಮಾಡಿದ ಜಗಳ ಹಾಳಾಗಬಾರದೆಂದು ಜಾರು ಹಿಡಿದುಕೊಂಡೇ ಮುಂದಿನ ರೂಮಿಗೆ ಹೋದೆ.

ಮಾವ ತಿರುಗಿ ನೋಡಲಿಲ್ಲ. ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳ ಕಸ ಬಿದ್ದಿತ್ತು. ಅದರ ಕೆಳಗೆ, "ಸರಿಯಾಗಿ ಬರಲಿಲ್ಲ, ಇನ್ನೊಮ್ಮೆ ಕಳಿಸು" ಎಂದು ಕುಟ್ಟಿ, ಕೈಕಟ್ಟಿ ಕೂತರು. ಆ ಕಡೆಯಿಂದ ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರತೊಡಗಿತು. ಒಂದಕ್ಷರ. ತುಂಬ ಹೊತ್ತಾದ ಮೇಲೆ ಇನ್ನೊಂದು.

"ಇಷ್ಟು ನಿಧಾನಾನಾ ಕೆಂಗೇರಿಯೋರು?" ಎಂದೆ, ಬಾಗಿಲಲ್ಲಿದ್ದ ಅತ್ತೆಗೆ.

"ಲಕ್ವ ಹೊಡೆದು ಮಾತು ಹೋಗಿದೆ ಕಣೇ ಅವರಿಗೆ" ಎಂದರು ಅತ್ತೆ ಪಿಸುದನಿಯಲ್ಲಿ. "ಬಲಗೈಯೂ ಬಿದ್ದುಹೋಗಿದೆ. ಎಡಗೈಯ ಒಂದೇ ಬೆರಳಲ್ಲಿ ಒತ್ತಬೇಕು. ತಂತಿ ಕಟ್ಟೋಕೂ ಆಗಲ್ಲ, ಕಿಟಕಿ ಸರಳಿಗೇ ಸುತ್ತಿಕೊಂಡಿದಾರೆ. ಪಕ್ಕದ ಸೈಟಿನೋರು ಒಂಚೂರು ಒತ್ತಿದ್ರೂ ಅವರ ಗೆರೆ ಅಳಿಸಿಹೋಗುತ್ತೆ. ಯಾರೂ ಅಯ್ಯೋ ಅನ್ನಬಾರದಂತೆ, ಅದಕ್ಕೇ ಇವರು ಬಾಯಿ ಬಿಡಲ್ಲ. ದಿನಕ್ಕೆ ಅವರು ಆಡೋ ಮಾತೆಲ್ಲಾ ಈ ನಲವತ್ತು ನಿಮಿಷದ್ದೇ."

ನನ್ನ ಮಿಕ್ಸಿ ಒಂದು ಸಾಲನ್ನು ತಿಂದುಹಾಕಿತ್ತು. ಅದನ್ನು ಅವರು ಮತ್ತೆ ಮೊದಲಿನಿಂದ, ಆ ಒಂದು ಬೆರಳಿನಿಂದ, ಒತ್ತುತ್ತಿದ್ದರು. ನನಗೆ ನಾಚಿಕೆಯಿಂದ ನೆಲ ನೋಡುವಂತಾಯಿತು. ಮತ್ತೆ ತಲೆಯೆತ್ತಿದಾಗ ಸಾಲು ಪೂರ್ತಿಯಾಗಿತ್ತು:

"ಸೊಸೆಗೆ ಜ್ವರ ಬಿಟ್ಟಿತಾ?"

ಮಾವ ಕಟ್ಟಿದ್ದ ಕೈ ಬಿಡಿಸಿದರು. ಆಮೇಲೆ ಕುಟ್ಟಿದರು:

"ಬಿಟ್ಟಿತು. ಈಗ ಮಿಕ್ಸಿ ಹಾಕಿದಳು. ಸಿಟ್ಟು ಬಂದಿದೆ. ಗಟ್ಟಿಯಾಗಿದ್ದಾಳೆ."

ನೋಡಿ, ಎಂಥ ಅನ್ಯಾಯ! ಎರಡು ವಾರ ನನ್ನ ಜ್ವರದ ವರದಿ ಆಕಾಶದಲ್ಲಿ ಕೆಂಗೇರಿಗೆ ಹೋಗಿದೆ, ಹತ್ತು ಹೆಜ್ಜೆ ಆಚೆ ಮಲಗಿದ್ದ ನನಗೊಬ್ಬಳಿಗೇ ಗೊತ್ತಿಲ್ಲ! ಹೀಗೂ ಉಂಟೇ? ಇಂಥ ಮನುಷ್ಯರ ಜೊತೆ ನೆಟ್ಟಗೆ ಒಂದು ಜಗಳವನ್ನಾದರೂ ಆಡುವುದು ಹೇಗೆ?

ಪರದೆಯ ಮೇಲೆ ಮತ್ತೆ ಅಕ್ಷರಗಳು ಬರತೊಡಗಿದವು. ಐದೇ ಅಕ್ಷರ. ನಾನು ಜಾರನ್ನು ಎದೆಗೆ ಅವುಚಿಕೊಂಡು ಕೊನೆಯ ಅಕ್ಷರದವರೆಗೆ ನಿಂತೇ ಇದ್ದೆ. ಕೂಡಿಸಿ ಓದಿದರೆ, "ಸದ್ಯ" ಎಂದಿತ್ತು.

ಹಿತ್ತಿಲಿಗೆ ಹೋಗಿ, ಒರಳು ತೊಳೆದು, ಅರ್ಧಕ್ಕೇ ನಿಂತಿದ್ದ ಚಟ್ನಿಯನ್ನು ರುಬ್ಬಿ ಮುಗಿಸಿದೆ. ಏಳೂಕಾಲಿನ ಬಸ್ಸು ಅವತ್ತು ತಪ್ಪಿತು.