ತಂಗಿಯ ಲೆಕ್ಕದಲ್ಲಿ ನಾನು ವಿಂಗಡಿಸಿದ ಮರಿಗಳು

ನಾನು ಏಳನೇ ತರಗತಿಗೇ ಶಾಲೆಗೆ ಕೈಮುಗಿದವನು. ಆದರೂ ಕುರಿಯ ವಿಷಯದಲ್ಲಿ ನಮ್ಮೂರು ಹರಿಯಬ್ಬೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬುದು ನನ್ನ ನಂಬಿಕೆಯಾಗಿತ್ತು. ತಂಗಿ ಶೋಭಾ ಅದೇ ಕುರಿಯ ಮೇಲೆ ಪ್ರಬಂಧ ಬರೆದು ಡಿಗ್ರಿ ಪಡೆಯಲು ಹೊರಟಾಗ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಮರಿ ಮೇಯಿಸುವವನು ನಾನು, ತೂಗುವವನು ನಾನು. ಕೆನೆ ಬೀಳುವುದು ಮಾತ್ರ ಅವಳ ಲೋಟಕ್ಕೆ!

ಅವಳ ಪ್ರಯೋಗ ಇಷ್ಟೇ. ಮೂವತ್ತು ಮರಿ, ಮೂರು ಗುಂಪು. ಒಂದಕ್ಕೆ ಕುದುರೆ ಮೆಂತೆ ಸೊಪ್ಪು, ಒಂದಕ್ಕೆ ಶೇಂಗಾ ಹೊಟ್ಟು, ಇನ್ನೊಂದಕ್ಕೆ ಜಾಲಿಕಾಯಿ. ಕೊನೆಗೆ ತೂಕಗಳನ್ನು ಲ್ಯಾಪ್‌ಟಾಪಿನ ಶೀಟಿನಲ್ಲಿ ಮೇವಿಗೊಂದರಂತೆ ಮೂರು ಕಾಲಂ ಮಾಡಿ ತುಂಬಿ ‘ಅನೋವ’ ಎಂಬುದನ್ನು ಒತ್ತಬೇಕು.

“ತೂಕ ಹೆಚ್ಚುಕಮ್ಮಿ ಆಗಿದ್ದು ಮೇವಿಂದನಾ, ಇಲ್ಲಾ ಸುಮ್ನೆ ಹಂಗೇ ಆಗೈತಾ ಅಂತ ಇದು ಹೇಳ್ತೈತಣ್ಣ. ಪಿ ಅನ್ನೋ ಅಂಕಿ ಸೊನ್ನೆ ಹತ್ರ ಬಂದ್ರೆ ಮೇವಿನ ಕೈವಾಡ ಐತೆ ಅಂತ,” ಎಂದು ಒಮ್ಮೆ ಒತ್ತಿ ತೋರಿಸಿದ್ದಳು.

ಒಂದು ಬೆಳಗ್ಗೆ ಕೊನೆಯ ತೂಕಗಳನ್ನು ತುಂಬಿಟ್ಟು ಹಿರಿಯೂರಿಗೆ ಹೋದಳು. ಅವಳು ಒತ್ತುವುದನ್ನು ನಾನೂ ಒತ್ತಬಲ್ಲೆ ಎಂದು ಕೂತೆ. ಅಂಕಿ ನೋಡಿ ಮೈ ಉರಿಯಿತು. ಹದಿನೆಂಟು ಕಿಲೋ ಮರಿಯ ಕೆಳಗೆ ಹನ್ನೊಂದು ಕಿಲೋದ ಬಡಕಲು! ಸಂತೆಯಲ್ಲಿ ಯಾರಾದರೂ ಹೀಗೆ ನಿಲ್ಲಿಸುತ್ತಾರೆಯೇ? ದಪ್ಪನವು ಒಂದು ಕಡೆ, ನಡುವಿನವು ಒಂದು ಕಡೆ, ಬಡಕಲು ಒಂದು ಕಡೆ. ಹಾಗೆಯೇ ಒಂದೊಂದೇ ಅಂಕಿ ಅಳಿಸಿ, ಬೇರೆ ಕಡೆ ಬರೆದು ಮೂರೂ ಕಾಲಮ್ಮುಗಳಿಗೆ ಶಿಸ್ತು ಕಲಿಸಿದೆ. ಒತ್ತಿದೆ. ಪಿ ಅಂಕಿಯಲ್ಲಿ ಚುಕ್ಕೆಯ ಮುಂದೆ ಸಾಲು ಸಾಲು ಸೊನ್ನೆ!

ಮಧ್ಯಾಹ್ನ ಬಂದ ಶೋಭಾ ಸೊನ್ನೆಗಳನ್ನೂ ಮೆಂತೆಯ ಮುಂದಿದ್ದ ದೊಡ್ಡ ಸರಾಸರಿಯನ್ನೂ ನೋಡಿ ಕುಣಿದಳು. ಮೇಲಿದ್ದ ತೂಕಗಳ ಕಡೆ ಕಣ್ಣೂ ಹಾಯಿಸಲಿಲ್ಲ.

“ನೀನು ಒತ್ತಿದ್ಯಾ? ಬಿಡು, ಒತ್ತೋದು ಯಾರು ಬೇಕಾದ್ರೂ ಒತ್ತಬಹುದು,” ಎಂದು ಚಿತ್ರದುರ್ಗದಲ್ಲಿದ್ದ ತನ್ನ ಪ್ರಬಂಧದ ಗೈಡ್ ಸಾರ್‌ಗೆ ಸ್ಪೀಕರಿನಲ್ಲೇ ಫೋನು ಹಚ್ಚಿ ಫಲಿತಾಂಶ ಹೇಳಿದಳು.

“ಭೇಷ್ ಶೋಭಾ! ಕುದುರೆ ಮೆಂತೆ ಇಷ್ಟು ಕೆಲಸ ಮಾಡುತ್ತಾ!” ಎಂದರು ಸಾರು.

ಅವ್ವ ಓಡಿ ಬಂದು ಅವಳ ಬಾಯಿಗೆ ಸಕ್ಕರೆ ಹಾಕಿದಳು. “ನನ್ನ ಮಗಳ ತಲೆ ಅಂದ್ರೆ ತಲೆ!”

ನನ್ನ ಬಾಯಿಗೆ ಒಂದು ಕಾಳೂ ಇಲ್ಲ! ತಡೆಯಲಾಗಲಿಲ್ಲ.

“ಅವಳ ತಲೆ ಅಲ್ಲವ್ವ, ನಂದು! ಅವಳು ಎಲ್ಲಾ ಕಲಸಿ ಇಟ್ಟಿದ್ಲು. ದಪ್ಪನವೆಲ್ಲ ಒಂದು ಕಡೆ ನಿಲ್ಸಿ ಸರಿ ಮಾಡಿದ್ದು ನಾನು!”

ಫೋನಿನಲ್ಲಿದ್ದ ಸಾರು ತಕ್ಷಣ ಕೇಳಿದರು: “ಅಂಕಿ ತಿದ್ದಿದೀರೇನಮ್ಮ? ಹಾಗಾದ್ರೆ ನಾನು ಸಹಿ ಹಾಕಲ್ಲ.”

ಶೋಭಾ ಲ್ಯಾಪ್‌ಟಾಪು ಎಳೆದುಕೊಂಡು ತೂಕಗಳನ್ನು ನೋಡಿದಳು. “ಅಯ್ಯೋ ಅಣ್ಣ, ಯಾವ ಮರಿ ಯಾವ ಮೇವು ತಿಂತು ಅನ್ನೋದೇ ಲೆಕ್ಕ! ಶೇಂಗಾ ಹೊಟ್ಟು ತಿಂದಿದ್ದನ್ನ ಮೆಂತೆಗೆ ಸೇರ್ಸಿದ್ದೀಯಲ್ಲೋ!”

ಅವಳ ಕಣ್ಣೀರು ನೋಡಿ ನೆಲ ಬಾಯಿಬಿಡಬಾರದೇ ಎನಿಸಿತು. ಉಪಕಾರ ಮಾಡಲು ಕೂತಿದ್ದರೆ ಮಾತು ಬೇರೆ. ನಾನು ಕೂತದ್ದು ಅವಳಿಗಿಂತ ಮೇಲೆನಿಸಿಕೊಳ್ಳಲು.

ತೂಗುವಾಗ ನಾನು ಮೇವಿನ ಪ್ರಕಾರ ಬರೆದಿಟ್ಟಿದ್ದ ಪುಸ್ತಕ ತಂದು ಫೋನಿನ ಮುಂದೆಯೇ ಮೂವತ್ತೂ ಅಂಕಿ ಓದಿದೆ. ಅವಳು ತುಂಬಿದಳು, ಒತ್ತಿದಳು. ಪಿ ಅರ್ಧಕ್ಕೆ ಬಂದು ನಿಂತಿತು. ಮೇವಿನ ಕೈವಾಡ ಕಾಣಲಿಲ್ಲ. “ಅದೂ ಒಂದು ಉತ್ತರಾನೇ. ಇದನ್ನೇ ಬರೀರಿ, ಸಹಿ ಹಾಕ್ತೀನಿ,” ಎಂದರು ಸಾರು.

ಈಗ ಆ ಲ್ಯಾಪ್‌ಟಾಪಿಗೆ ಪಾಸ್‌ವರ್ಡ್ ಬಿದ್ದಿದೆ. ಹೆಬ್ಬೆಟ್ಟು ಒತ್ತುವ ಅವ್ವನಿಗೂ ಅದು ಬಾಯಿಪಾಠ. ನಾನು ಒಳಗೆ ಬಂದರೆ ಇಬ್ಬರೂ ಮಾತು ನಿಲ್ಲಿಸುತ್ತಾರೆ!